ಕ್ವೆರ್ಟಿ ಬಿಟ್ಟರೆ ಕಿರುಬೆರಳ ನೋವು ಹೋಗುತ್ತಾ?

ಪ್ರಶ್ನೆ: ನನಗೆ 34 ವರ್ಷ. ಅನುವಾದದ ಕೆಲಸ, ದಿನಕ್ಕೆ ಏಳೆಂಟು ತಾಸು ಟೈಪಿಂಗ್. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯುತ್ತೇನೆ, ಅದು ಕನ್ನಡಕ್ಕೆ ತಿರುಗುತ್ತದೆ. ಕ್ಲಾಸಿಗೆ ಹೋಗಿ ಟೈಪಿಂಗ್ ಕಲಿತಿಲ್ಲ. ಆರೇಳು ಬೆರಳು ಬಳಸುತ್ತೇನೆ, ಆಗಾಗ ಕೆಳಗೆ ನೋಡುತ್ತೇನೆ, ವೇಗ ನಿಮಿಷಕ್ಕೆ 45 ಪದ. ಐದಾರು ತಿಂಗಳಿಂದ ಸಂಜೆ ಹೊತ್ತಿಗೆ ಎಡಗೈ ಕಿರುಬೆರಳು ಸೆಳೆಯುತ್ತದೆ, ಮಣಿಕಟ್ಟೂ ನೋಯುತ್ತದೆ. ನಾವೆಲ್ಲ ಬಳಸುವ ಮಾಮೂಲಿ ಕ್ವೆರ್ಟಿ ಕೀಬೋರ್ಡನ್ನು ಬೇಕಂತಲೇ ನಿಧಾನ ಆಗಲಿ ಅಂತ ಮಾಡಿದ್ದಂತೆ, ಅಕ್ಷರಗಳನ್ನು ಬೇರೆ ಜಾಗದಲ್ಲಿ ಇಟ್ಟಿರುವ ಡ್ವೊರಾಕ್‌ಗೆ ಹೋದರೆ ವೇಗ ದುಪ್ಪಟ್ಟಂತೆ. ಗೆಳೆಯನೊಬ್ಬ ಅಂಥದ್ದೇ ಇನ್ನೊಂದು ಜೋಡಣೆ ಕೋಲ್‌ಮ್ಯಾಕ್ ಕಲಿ ಅನ್ನುತ್ತಾನೆ. ಬದಲಾಯಿಸಲಾ? ಬದಲಾಯಿಸಿದರೆ ಕ್ವೆರ್ಟಿ ಮರೆತೇ ಹೋಗುತ್ತಾ? ಆಫೀಸಿನ ಬೇರೆ ಕಂಪ್ಯೂಟರಿನಲ್ಲಿ ಕೂತಾಗ ಏನು ಮಾಡಲಿ? ಕೀಗಳ ಮೇಲೆ ಸ್ಟಿಕ್ಕರ್ ಅಂಟಿಸಬೇಕಾ?

ಉತ್ತರ: ಮೊದಲು ಒಂದು ಮಾತು. ನೀವು ಕೇಳಿರುವುದು ಲೇಔಟ್, ಅಂದರೆ ಕೀಗಳ ಮೇಲೆ ಅಕ್ಷರ ಜೋಡಿಸಿರುವ ಕ್ರಮದ ಬಗ್ಗೆ, ಆದರೆ ನಿಮಗೆ ನಿಜವಾಗಿ ಬೇಕಾಗಿರುವುದು ನೋವಿಲ್ಲದ ಕೈ. ವೇಗದ ಆಸೆ ಅದರ ಹಿಂದೆ ಬಂದು ನಿಂತಿದೆ, ಅಷ್ಟೇ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡೋಣ, ಯಾಕೆಂದರೆ ನನ್ನ ಹತ್ತಿರ ಕೈ ನೋವು ಅಂತ ಬರುವವರಲ್ಲಿ ಸುಮಾರು ಜನ ಹೊಸ ಲೇಔಟ್ ಕಲಿಯಲು ಹೊರಟು, ಎರಡು ವಾರ ತಿಣುಕಿ, ನೋವೂ ಹೋಗದೆ ವೇಗವೂ ಇಲ್ಲದೆ ವಾಪಸ್ ಬಂದವರು. ನಾನು ಟೈಪಿಂಗ್ ಕಲಿಸುವವನು, ಈಗೀಗ ಜನರ ಮೇಜು, ಕುರ್ಚಿ, ಕೀಬೋರ್ಡ್ ಸರಿಮಾಡುವ ಕೆಲಸವೇ ಜಾಸ್ತಿ. ಡಾಕ್ಟರ್ ಅಲ್ಲ.

ಹಾಗಾಗಿ ಡಾಕ್ಟರ ಮಾತು ಮೊದಲೇ ಮುಗಿಸುತ್ತೇನೆ. ಬೆರಳು ಜೋಮು ಹಿಡಿಯುತ್ತಿದೆಯಾ, ರಾತ್ರಿ ನಿದ್ದೆಯಲ್ಲಿ ಕೈ ಮರಗಟ್ಟಿ ಎಚ್ಚರ ಆಗುತ್ತಿದೆಯಾ, ಹಿಡಿದ ಲೋಟ ಜಾರುತ್ತಿದೆಯಾ? ಹೌದಾದರೆ ಇದನ್ನು ಓದುವುದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು ಇದ್ದರೆ ಮಣಿಕಟ್ಟಿನ ನಡುವೆ ಹಾಯುವ ನರಕ್ಕೆ ಒತ್ತಡ ಬಿದ್ದಿರಬಹುದು. ಕಿರುಬೆರಳು ಮತ್ತು ಉಂಗುರದ ಬೆರಳಲ್ಲಿ ಇದ್ದರೆ ಹಲವು ಸಲ ತೊಂದರೆಯ ಮೂಲ ಮೊಣಕೈಯಲ್ಲಿ ಇರುತ್ತದೆ, ಬೆರಳಲ್ಲಿ ಅಲ್ಲವೇ ಅಲ್ಲ. ಮೊಣಕೈಯನ್ನು ಕುರ್ಚಿಯ ಗಟ್ಟಿ ಕೈಮೇಲೆ ಊರಿ ಕೂರುವವರಲ್ಲಿ ಇದನ್ನು ನೋಡಿದ್ದೇನೆ. ಬರೀ ಸೆಳೆತ, ಸಂಜೆ ಹೊತ್ತಿಗೆ ಬಂದು ರಜೆಯ ದಿನ ಇರುವುದಿಲ್ಲ ಅಂದರೆ ಮುಂದೆ ಓದಿ.

ಈಗ ಆ ಕತೆ. ಕ್ವೆರ್ಟಿಯನ್ನು ಟೈಪ್ ಮಾಡುವವರ ವೇಗ ತಗ್ಗಿಸಲು ಮಾಡಿದರು ಅನ್ನುವುದು ಕೇಳಲು ಚೆನ್ನಾಗಿದೆ, ನಾನೂ ಮೊದಮೊದಲು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಆದರೆ ಅದು ನಿಲ್ಲುವ ಮಾತಲ್ಲ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತವರ ಜೊತೆಗಾರರ ಟೈಪ್‌ರೈಟರ್ ಯಂತ್ರವನ್ನು, ಕ್ವೆರ್ಟಿ ಹುಟ್ಟಿದ್ದು ಅದರಲ್ಲೇ, ರೆಮಿಂಗ್ಟನ್ ಕಂಪನಿ 1873ರಲ್ಲಿ ತಗೊಂಡಿತು, ಮರುವರ್ಷ ಮಾರಾಟಕ್ಕೆ ಬಂತು. ಆ ಯಂತ್ರದಲ್ಲಿ ಅಕ್ಷರದ ಸಲಾಕೆಗಳು ಕೆಳಗಿಂದ ಮೇಲಕ್ಕೆ ಎದ್ದು ಹೊಡೆಯುತ್ತಿದ್ದವು, ಪಕ್ಕಪಕ್ಕದ ಎರಡು ಒಟ್ಟಿಗೆ ಎದ್ದರೆ ಸಿಕ್ಕಿಕೊಳ್ಳುತ್ತಿದ್ದವು. ಸಿಕ್ಕು ತಪ್ಪಿಸಲು ಅಕ್ಷರಗಳನ್ನು ದೂರ ದೂರ ಇಟ್ಟಿದ್ದರೂ ಅದರ ಉದ್ದೇಶ ಕೆಲಸ ನಿಲ್ಲದೆ ಸಾಗಲಿ ಅಂತ, ಅಂದರೆ ವೇಗ ಉಳಿಯಲಿ ಅಂತಲೇ. ಅದೂ ಪೂರ್ತಿ ಹೊಂದುವುದಿಲ್ಲ ನೋಡಿ. ಇಂಗ್ಲಿಷಿನಲ್ಲಿ ತುಂಬಾ ಬರುವ ಜೋಡಿಗಳಲ್ಲಿ ಒಂದು ಇ-ಆರ್, ಕ್ವೆರ್ಟಿಯಲ್ಲಿ ಅವೆರಡೂ ಅಕ್ಕಪಕ್ಕದಲ್ಲೇ ಕೂತಿವೆ! ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯಾಸುಓಕಾ ಅನ್ನುವ ಇಬ್ಬರು ಸಂಶೋಧಕರು 2011ರಲ್ಲಿ ಬರೆದ ಲೇಖನದಲ್ಲಿ, ಆ ಜೋಡಣೆಯ ಮೇಲೆ ತಂತಿ ಕಚೇರಿಯ ಆಪರೇಟರುಗಳ ಅಗತ್ಯದ ಪ್ರಭಾವ ಇತ್ತು ಎಂದು ವಾದಿಸಿದ್ದಾರೆ. ಇನ್ನೊಂದು ವಿಷಯ, ಆ ಕಾಲಕ್ಕೆ ಹತ್ತೂ ಬೆರಳಲ್ಲಿ ನೋಡದೆ ಹೊಡೆಯುವ ಪದ್ಧತಿಯೇ ಇರಲಿಲ್ಲ. ಫ್ರಾಂಕ್ ಮೆಗರಿನ್ ಅನ್ನುವವರು ಕೀ ನೋಡದೆ ಟೈಪ್ ಮಾಡಿ ಸಿನ್ಸಿನಾಟಿಯ ಪಂದ್ಯ ಗೆದ್ದು ಹೆಸರಾಗಿದ್ದು 1888ರಲ್ಲಿ. ಹಾಗಾಗಿ ಕ್ವೆರ್ಟಿ ಬೆರಳಿಗೆ ವೈರಿಯೂ ಅಲ್ಲ, ಗೆಳೆಯನೂ ಅಲ್ಲ. ಬೆರಳಿನ ಬಗ್ಗೆ ಅದು ಯೋಚನೆಯನ್ನೇ ಮಾಡಿಲ್ಲ.

ಬೆರಳಿನ ಬಗ್ಗೆ ಯೋಚನೆ ಮಾಡಿದವರು ಆಗಸ್ಟ್ ಡ್ವೊರಾಕ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್, ಭಾವ-ಮೈದುನ ಸಂಬಂಧದ ವಿಲಿಯಂ ಡೀಲಿ ಜೊತೆ ಸೇರಿ 1936ರಲ್ಲಿ ಪೇಟೆಂಟ್ ಪಡೆದರು. ಸ್ವರಗಳೆಲ್ಲ ಎಡಗೈಯ ಹೋಮ್ ರೋದಲ್ಲಿ, ಅಂದರೆ ಬೆರಳುಗಳು ಸುಮ್ಮನೆ ಕೂರುವ ನಡುಸಾಲಿನಲ್ಲಿ, ಜಾಸ್ತಿ ಬರುವ ವ್ಯಂಜನಗಳು ಬಲಗೈಯ ಹೋಮ್ ರೋದಲ್ಲಿ. ಕೈ ಎಡ-ಬಲ ಎಡ-ಬಲ ಅಂತ ತಾಳ ಹಾಕಿದ ಹಾಗೆ ಹೋಗುತ್ತದೆ. ವೇಗ ದುಪ್ಪಟ್ಟು ಅನ್ನುವ ಮಾತುಗಳಿಗೆಲ್ಲ ಆಧಾರ ಆಗಿದ್ದು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ, ಅಮೆರಿಕದ ನೌಕಾಪಡೆ ನಡೆಸಿದ ಪರೀಕ್ಷೆ. ಅದರಲ್ಲಿ ಡ್ವೊರಾಕ್ ಅವರದೇ ಕೈ ಇತ್ತು ಅಂತ ಆಮೇಲೆ ಟೀಕೆ ಬಂತು. 1956ರಲ್ಲಿ ಅರ್ಲ್ ಸ್ಟ್ರಾಂಗ್ ಅಮೆರಿಕ ಸರ್ಕಾರಕ್ಕಾಗಿ ಮತ್ತೊಮ್ಮೆ ಪರೀಕ್ಷಿಸಿದಾಗ ಡ್ವೊರಾಕ್‌ಗೆ ಬದಲಾಗುವುದರಿಂದ ಲಾಭ ಕಾಣಲಿಲ್ಲ, ಕ್ವೆರ್ಟಿಯವರಿಗೇ ಇನ್ನಷ್ಟು ತರಬೇತಿ ಕೊಟ್ಟರೆ ಸಾಕು ಅನ್ನುವ ಹಾಗಾಯಿತು. ಸ್ಟ್ರಾಂಗ್ ಕೂಡ ಪಕ್ಷಪಾತ ಮಾಡಿದರು ಅಂತ ಡ್ವೊರಾಕ್ ಅಭಿಮಾನಿಗಳ ದೂರು ಇದೆ, ಇರಲಿ. 2010ರ ಅಲ್ಟಿಮೇಟ್ ಟೈಪಿಂಗ್ ಚಾಂಪಿಯನ್‌ಶಿಪ್ ಗೆದ್ದ ಶಾನ್ ರೋನಾ ಹೊಡೆಯುವುದು ಕ್ವೆರ್ಟಿಯಲ್ಲೇ. ವೇಗಕ್ಕಾಗಿ ಲೇಔಟ್ ಬದಲಾಯಿಸಬೇಕು ಅನ್ನುವವರಿಗೆ ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಅಂದ ಹಾಗೆ ನಿಮ್ಮ 45 ಕಡಿಮೆ ಏನಲ್ಲ. ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯ ಮತ್ತು ಕೇಂಬ್ರಿಡ್ಜ್‌ನವರು 2018ರಲ್ಲಿ 1,68,000 ಜನರ ಟೈಪಿಂಗ್ ಅಳೆದಾಗ ಸರಾಸರಿ ಬಂದಿದ್ದು ನಿಮಿಷಕ್ಕೆ ಸುಮಾರು 52 ಪದ. ಅದಕ್ಕೂ ಮುಂಚೆ, 2016ರಲ್ಲಿ, ಆಲ್ಟೊದವರೇ 30 ಜನರ ಬೆರಳಿನ ಚಲನೆಯನ್ನು ಸೂಕ್ಷ್ಮವಾಗಿ ನೋಡಿದ್ದರು. ಟೈಪಿಂಗ್ ಕಲಿಸುವ ನನ್ನಂಥವರಿಗೆ ಅದನ್ನು ಓದಿ ಸ್ವಲ್ಪ ಮುಜುಗರವೇ ಆಯಿತು. ಎಷ್ಟು ಬೆರಳು ಬಳಸುತ್ತಾರೆ ಅನ್ನುವುದರಿಂದ ವೇಗ ತೀರ್ಮಾನ ಆಗುವುದಿಲ್ಲ, ಒಂದು ಅಕ್ಷರಕ್ಕೆ ಯಾವಾಗಲೂ ಅದೇ ಬೆರಳು ಬಳಸುವವರು, ಕೈಯನ್ನು ಜಾಸ್ತಿ ಅಲ್ಲಾಡಿಸದವರು, ಮುಂದಿನ ಅಕ್ಷರಕ್ಕೆ ಬೆರಳನ್ನು ಮೊದಲೇ ಅಣಿ ಮಾಡಿಕೊಳ್ಳುವವರು ವೇಗವಾಗಿ ಹೊಡೆಯುತ್ತಾರೆ. ನೋಡದೆ ಟೈಪ್ ಮಾಡುವವರಿಗೆ ಸಿಕ್ಕಿದ ದೊಡ್ಡ ಲಾಭ ಕಣ್ಣು ಪರದೆಯ ಮೇಲೇ ಇರುವುದು. ಅನುವಾದಕರಿಗೆ ಅದು ಸಣ್ಣ ಲಾಭ ಅಲ್ಲ, ಮೂಲ ಒಂದು ಕಡೆ, ಬರಹ ಒಂದು ಕಡೆ, ಅದರ ಮಧ್ಯೆ ಕತ್ತು ಬಗ್ಗಿಸಿ ಕೀ ಬೇರೆ ಹುಡುಕಬೇಕು ಅಂದರೆ ಕತ್ತಿನ ಕತೆ ಏನು?

ಹಾಗಾದರೆ ಲೇಔಟ್‌ಗಳಲ್ಲಿ ವ್ಯತ್ಯಾಸವೇ ಇಲ್ಲವಾ ಅಂದರೆ, ಇದೆ. ವೇಗಕ್ಕಿಂತ ಆರಾಮದಲ್ಲಿ ಇದೆ. ಇಂಗ್ಲಿಷ್ ಬರೆಯುವಾಗ ಕ್ವೆರ್ಟಿಯ ಹೋಮ್ ರೋ ಮೇಲೆ ಬೀಳುವುದು ಸುಮಾರು ಮೂರನೇ ಒಂದು ಪಾಲು ಒತ್ತುಗಳು ಮಾತ್ರ, ಡ್ವೊರಾಕ್‌ನಲ್ಲಿ ಸುಮಾರು 70 ಪರ್ಸೆಂಟ್, ಕೋಲ್‌ಮ್ಯಾಕ್‌ನಲ್ಲಿ ಅದಕ್ಕಿಂತ ತುಸು ಹೆಚ್ಚು. ಕ್ವೆರ್ಟಿಯಲ್ಲಿ ಬಲಗೈ ತೋರುಬೆರಳು, ಅಂದರೆ ನಮ್ಮ ಚುರುಕು ಬೆರಳು, ಕೂರುವುದು ಜೆ ಮೇಲೆ. ಇಂಗ್ಲಿಷಿನಲ್ಲಿ ಜೆ ಎಷ್ಟು ಸಲ ಬರುತ್ತದೆ ಹೇಳಿ! ಒಳ್ಳೆಯ ಆಳನ್ನು ಖಾಲಿ ಗೋದಾಮು ಕಾಯಲು ಕೂರಿಸಿದ ಹಾಗೆ. ಕೋಲ್‌ಮ್ಯಾಕ್ ಮಾಡಿದ್ದು ಶಾಯ್ ಕೋಲ್‌ಮನ್, 2006ರಲ್ಲಿ. ಕ್ವೆರ್ಟಿಯಿಂದ 17 ಕೀಗಳ ಜಾಗ ಮಾತ್ರ ಬದಲಿಸಿದ್ದಾರೆ, ಝಡ್, ಎಕ್ಸ್, ಸಿ, ವಿ ಇದ್ದಲ್ಲೇ ಇವೆ. ಕಂಟ್ರೋಲ್ ಒತ್ತಿ ಕಾಪಿ-ಪೇಸ್ಟ್ ಮಾಡುವ ಎಡಗೈ ಅಭ್ಯಾಸ ಕೆಡುವುದಿಲ್ಲ. ಡ್ವೊರಾಕ್‌ನಲ್ಲಿ ಎ ಮತ್ತು ಎಂ ಬಿಟ್ಟರೆ ಎಲ್ಲ ಅಕ್ಷರಗಳೂ ಜಾಗ ಬದಲಿಸುತ್ತವೆ, ಕಾಪಿ-ಪೇಸ್ಟಿನ ಎರಡೂ ಅಕ್ಷರ ಬಲಗೈಗೆ ಹೋಗುತ್ತವೆ. ಒಂದು ಕೈಯಲ್ಲಿ ಮೌಸ್ ಹಿಡಿದು ಕೆಲಸ ಮಾಡುವವರಿಗೆ ಇದು ದಿನಾ ಕಿರಿಕಿರಿ. ಲಿನಕ್ಸ್ ಟರ್ಮಿನಲ್ ಬಳಸುವವರದ್ದು ಇನ್ನೊಂದು ಗೋಳು, ಫೈಲುಗಳ ಪಟ್ಟಿ ಕೇಳಲು ಎಲ್, ಎಸ್ ಎರಡೂ ಬಲಗೈ ಕಿರುಬೆರಳಲ್ಲೇ ಹೊಡೆಯಬೇಕು.

ಈಗ ನಿಮ್ಮ ಕಿರುಬೆರಳಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ ಸಾಲು, ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯುತ್ತೇನೆ ಅಂದಿದ್ದೀರಲ್ಲ, ಅದು. ‘ಮಾತನಾಡಬಾರದು’ ಅನ್ನುವ ಪದವನ್ನು ಹಾಗೆ ಹೊಡೆದು ನೋಡಿ. ದೀರ್ಘಕ್ಕೆ ಎರಡೆರಡು ಸಲ ಎ ಒತ್ತಿದರೆ ಒಟ್ಟು 17 ಒತ್ತು, ಅದರಲ್ಲಿ 9 ಸಲ ಎ. ಎ ಒತ್ತುವ ಬೆರಳು ಯಾವುದು? ಎಡಗೈ ಕಿರುಬೆರಳು! ಕನ್ನಡದಲ್ಲಿ ಅಕಾರ ಎಲ್ಲೆಲ್ಲೂ ಇದೆ. ನಾವು ಬರೆಯುವಾಗ ಅದು ಅಕ್ಷರದ ಒಳಗೇ ಸೇರಿರುತ್ತದೆ, ಇಂಗ್ಲಿಷ್ ಅಕ್ಷರಕ್ಕೆ ಬಿಡಿಸಿದ ಕೂಡಲೇ ಒಂದೊಂದಕ್ಕೂ ಬೆಲೆ ತೆರಬೇಕು, ಆ ಬೆಲೆಯನ್ನೆಲ್ಲ ಒಬ್ಬನೇ ಕಟ್ಟುತ್ತಿದ್ದಾನೆ. ಜೊತೆಗೆ ಎಡಗಡೆಯ ಶಿಫ್ಟ್, ಕಂಟ್ರೋಲ್, ಟ್ಯಾಬ್ ಕೂಡ ಅವನದೇ ಪಾಲು.

ಇನ್ನು ತಮಾಷೆ ಕೇಳಿ. ಕ್ವೆರ್ಟಿಯಲ್ಲಿ ಎ ಎಲ್ಲಿದೆಯೋ ಡ್ವೊರಾಕ್‌ನಲ್ಲೂ ಅಲ್ಲೇ ಇದೆ, ಕೋಲ್‌ಮ್ಯಾಕ್‌ನಲ್ಲೂ ಅಲ್ಲೇ. ಮೂರು ತಿಂಗಳು ಒದ್ದಾಡಿ ನೀವು ಯಾವ ಲೇಔಟ್ ಕಲಿತರೂ ನಿಮ್ಮ ಅರ್ಧ ಕೆಲಸದಲ್ಲಿ ಕಿರುಬೆರಳಿಗೆ ಬೀಳುವ ಪೆಟ್ಟು ಒಂದೂ ಕಡಿಮೆ ಆಗುವುದಿಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲಿ ಬದಲಾಯಿಸಬೇಕಾದ್ದು ಇಂಗ್ಲಿಷ್ ಲೇಔಟ್ ಅಲ್ಲ, ಕನ್ನಡದ್ದು. ಎರಡು ದಾರಿ ಇವೆ. ಒಂದು, ಕೆ. ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಲೇಔಟ್. ಎಂ ಒತ್ತಿದರೆ ‘ಮ’ ಬರುತ್ತದೆ, ಅಕಾರ ಬೇರೆ ಒತ್ತಬೇಕಿಲ್ಲ. ಆ ಪದ 11 ಒತ್ತಿಗೆ ಮುಗಿಯುತ್ತದೆ, ದೀರ್ಘ ಬಂದ ಮೂರು ಕಡೆ ಮಾತ್ರ ಶಿಫ್ಟ್ ಜೊತೆ ಎ. ಒಂಬತ್ತು ಇದ್ದದ್ದು ಮೂರಾಯಿತು. ಉಚ್ಚಾರಣೆಗೆ ಹತ್ತಿರ ಇರುವುದರಿಂದ ಕಲಿಯಲು ಸಲೀಸು, ವಾರ ಹತ್ತು ದಿನ ಸಾಕು. ಇನ್ನೊಂದು ಇನ್‌ಸ್ಕ್ರಿಪ್ಟ್, ವಿಂಡೋಸ್‌ನಲ್ಲಿ ಕನ್ನಡ ಸೇರಿಸಿದರೆ ಬರುವಂಥದ್ದು. ಅದರಲ್ಲೂ 11 ಒತ್ತೇ, ಆದರೆ ‘ಾ’ ಗುಣಿತ ಕ್ವೆರ್ಟಿಯ ಇ ಇರುವ ಕೀಯಲ್ಲಿದೆ, ಅಂದರೆ ನಡುಬೆರಳಿಗೆ. ಗುಣಿತಗಳೆಲ್ಲ ಎಡಗೈಗೆ, ಜಾಸ್ತಿ ಬರುವ ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ, ಡ್ವೊರಾಕ್‌ನ ತಾಳ ಇಲ್ಲೂ ಸಿಗುತ್ತದೆ. ತೊಂದರೆ ಏನೆಂದರೆ ಜ, ಚ, ಟ, ಡ ಎಲ್ಲ ಬಲ ಕಿರುಬೆರಳ ಕಡೆ ಗುಂಪು ಕೂಡಿವೆ, ಶ, ಳ ಬೇಕಾದರೆ ಎಡ ಶಿಫ್ಟ್ ಒತ್ತಬೇಕು, ಮತ್ತೆ ಕಲಿಯಲು ಮೊದಲನೆಯದಕ್ಕಿಂತ ಜಾಸ್ತಿ ದಿನ ಬೇಕು. ಗಡುವಿನ ಕೆಲಸ ಕೈಯಲ್ಲಿದ್ದರೆ ನುಡಿಯದ್ದೇ ಮೊದಲು ಕಲಿಯಿರಿ. ನನಗೆ ಇನ್‌ಸ್ಕ್ರಿಪ್ಟ್ ಇಷ್ಟ, ಆದರೆ ಅದು ನನ್ನ ರುಚಿ.

ಮಣಿಕಟ್ಟಿನ ನೋವಿಗೆ ಲೇಔಟ್ ಕಾರಣ ಆಗಿರುವ ಸಾಧ್ಯತೆ ಕಡಿಮೆ. ಕೀಬೋರ್ಡಿನ ಹಿಂಬದಿಯಲ್ಲಿ ಎರಡು ಸಣ್ಣ ಕಾಲು ಇರುತ್ತವಲ್ಲ, ಅವನ್ನು ಎಬ್ಬಿಸಿ ಇಟ್ಟಿದ್ದೀರಾ? ಮಡಚಿಬಿಡಿ. ಅವು ಎದ್ದಿದ್ದರೆ ಅಂಗೈ ಮೇಲಕ್ಕೆ ಬಾಗುತ್ತದೆ, ದಿನವಿಡೀ ಆ ಬಾಗಿನಲ್ಲೇ ಬೆರಳಾಡಿಸುತ್ತೀರಿ. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ ಬೆರಳನ್ನು ಮಾತ್ರ ಚಾಚುತ್ತೀರಾ? ಇಡೀ ಕೈ ಸ್ವಲ್ಪ ತೇಲುತ್ತಿರಲಿ, ಊರುವುದು ಟೈಪಿಂಗ್ ನಿಲ್ಲಿಸಿದಾಗ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಹಾಕಿ, ಪರದೆಯನ್ನು ಎತ್ತರಿಸಿ. ಜಿ ಮತ್ತು ಹೆಚ್ ನಡುವಿನ ಗೆರೆ ನಿಮ್ಮ ಹೊಕ್ಕುಳಿಗೆ ನೇರ ಬರಲಿ, ಬಲಗಡೆ ಅಂಕಿಗಳ ಪಟ್ಟಿ ಇರುವ ಕೀಬೋರ್ಡಿನಲ್ಲಿ ಎಲ್ಲರೂ ಇದನ್ನು ತಪ್ಪುತ್ತಾರೆ. ಮತ್ತೆ ಕೀಗಳನ್ನು ಜಜ್ಜಬೇಡಿ. ಹಳೆ ಟೈಪ್‌ರೈಟರ್‌ನಲ್ಲಿ ಕಲಿತವರಿಗೆ ಈ ಚಾಳಿ ಇದೆ, ನನಗೂ ಇತ್ತು, ಪಕ್ಕದ ಕೋಣೆಗೆ ಕೇಳಿಸುತ್ತಿತ್ತು.

ಕಂಟ್ರೋಲ್ ಕೀಗೆ ಒಂದು ಉಪಾಯ. ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡಿಕೊಳ್ಳಿ. ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆ, ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಆಗುತ್ತದೆ. ಒತ್ತುವುದು ಕಿರುಬೆರಳೇ ಆದರೂ ಮೂಲೆಗೆ ಚಾಚಿ ತಿರುಚುವುದು ತಪ್ಪುತ್ತದೆ. ಶಿಫ್ಟನ್ನು ಯಾವಾಗಲೂ ಎದುರು ಕೈಯಲ್ಲಿ ಒತ್ತಿ, ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್. ಸ್ವಂತವಾಗಿ ಕಲಿತವರಲ್ಲಿ ಬಲ ಶಿಫ್ಟ್ ಮುಟ್ಟಿಯೇ ನೋಡದವರು ಎಷ್ಟೋ ಜನ.

ಇದೆಲ್ಲ ಆದ ಮೇಲೆ, ನೋವು ತಗ್ಗಿದ ಮೇಲೆ, ಕ್ವೆರ್ಟಿಯಲ್ಲೇ ನೋಡದೆ ಹೊಡೆಯುವುದನ್ನು ಕಲಿಯಿರಿ. ದಿನಕ್ಕೆ 20 ನಿಮಿಷ, ಆರೇಳು ವಾರ. ಮೊದಲ ಎರಡು ವಾರ ವೇಗ 20ಕ್ಕೆ ಇಳಿಯುತ್ತದೆ, ಸಿಟ್ಟು ಬರುತ್ತದೆ, ಅದು ಮಾಮೂಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಿಮಗೆ ಹೇಳುತ್ತಿಲ್ಲ, ನನಗೆ ನಾನೇ ಹೇಳಿಕೊಂಡದ್ದು. ಯಾಕೆಂದರೆ ನಾನು ಡ್ವೊರಾಕ್ ಕಲಿಯಲು ಹೋಗಿದ್ದೆ. ಮೂರು ವಾರ ನಿಮಿಷಕ್ಕೆ 15 ಪದ. ಹಳೆಯ ವೇಗ ಮುಟ್ಟಲು ನಾಲ್ಕು ತಿಂಗಳು ಬೇಕಾಯಿತು, ದಾಟಲು ಆಗಲೇ ಇಲ್ಲ. ಕೈಗೆ ಹಿತ ಅನ್ನಿಸಿದ್ದು ನಿಜ, ಸಂಜೆಯ ಬಿಗಿತ ಕಮ್ಮಿ ಆಗಿದ್ದೂ ನಿಜ. ಆದರೆ ಕಲಿಯುವ ಆ ನಾಲ್ಕು ತಿಂಗಳಲ್ಲಿ ತಪ್ಪು ಹೊಡೆದು ಅಳಿಸಿ, ಹೊಡೆದು ಅಳಿಸಿ, ಕೈ ಬಿಗಿಹಿಡಿದು ಮೊದಲಿಗಿಂತ ಜಾಸ್ತಿ ನೋಯಿಸಿಕೊಂಡಿದ್ದೆ. ನೋವಿರುವಾಗ ಲೇಔಟ್ ಬದಲಾಯಿಸಬೇಡಿ ಅನ್ನುವುದು ಅದಕ್ಕೇ.

ಆಮೇಲೂ ಆಸೆ ಉಳಿದರೆ, ಇಂಗ್ಲಿಷ್ ಕೆಲಸ ಸಾಕಷ್ಟಿದೆ, ಬೆರಳು ಕಡಿಮೆ ಓಡಾಡಲಿ ಅನ್ನಿಸಿದರೆ, ಕೋಲ್‌ಮ್ಯಾಕ್ ಕಲಿಯಿರಿ. ನಿಮ್ಮ ಗೆಳೆಯ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ. ಒಮ್ಮೆಲೇ ಬದಲಾಗುವ ಬದಲು ಟಾರ್ಮ್ಯಾಕ್ ಅಂತ ಒಂದು ಮೆಟ್ಟಿಲು ಪದ್ಧತಿ ಇದೆ, ಒಂದು ಹಂತಕ್ಕೆ ಮೂರ್ನಾಲ್ಕು ಕೀ ಮಾತ್ರ ಜಾಗ ಬದಲಿಸುತ್ತವೆ, ಅಷ್ಟು ಕೈಗೆ ಕೂತ ಮೇಲೆ ಮುಂದಿನ ಹಂತ. ಕೆಲಸ ನಿಲ್ಲಿಸಲಾಗದವರಿಗೆ ಇದು ಒಳ್ಳೆಯದು, ಅಪಾಯ ಅಂದರೆ ಬಹಳ ಜನ ಎರಡನೇ ಮೆಟ್ಟಿಲಲ್ಲೇ ಕೂತುಬಿಡುತ್ತಾರೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಕೋಲ್‌ಮ್ಯಾಕ್ ಒಳಗೇ ಇದೆ, ಹಳೆಯ ವಿಂಡೋಸ್‌ಗೆ ಬೇರೆಯಾಗಿ ಹಾಕಿಕೊಳ್ಳಬೇಕು. ನುಡಿ ಅಥವಾ ಬೇರೆ ಕನ್ನಡ ತಂತ್ರಾಂಶ ಹೊಸ ಲೇಔಟ್ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅಂತ ಒಂದು ಸಂಜೆ ಕೂತು ಮೊದಲೇ ನೋಡಿಕೊಳ್ಳಿ. ಇನ್‌ಸ್ಕ್ರಿಪ್ಟ್‌ಗೆ ಈ ತಲೆನೋವಿಲ್ಲ, ಅದು ಕೀ ಇರುವ ಜಾಗಕ್ಕೆ ಅಂಟಿಕೊಂಡದ್ದು.

ಎರಡು ಹೋಳಾಗಿರುವ ಸ್ಪ್ಲಿಟ್ ಕೀಬೋರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಣ ಹಾಕುವುದಾದರೆ ನಾನು ಅಲ್ಲಿ ಹಾಕುತ್ತೇನೆ. ಮಾಮೂಲಿ ಕೀಬೋರ್ಡಿನಲ್ಲಿ ಎರಡೂ ಕೈ ಒಳಗೆ ಬಂದು ಮಣಿಕಟ್ಟಿನಲ್ಲಿ ಕಿರುಬೆರಳ ಕಡೆಗೆ ಓರೆಯಾಗುತ್ತವೆ. ಹೋಳುಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟರೆ ಆ ಓರೆ ಹೋಗುತ್ತದೆ, ಅಕ್ಷರಗಳು ಯಾವ ಲೇಔಟ್ ಆಗಿದ್ದರೂ ಸರಿ.

ಕ್ವೆರ್ಟಿ ಮರೆತುಹೋಗುತ್ತಾ? ಹೊಸದು ಕಲಿಯುವ ಮೊದಲ ತಿಂಗಳುಗಳಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಹಾಗೆ ಎರಡೂ ಕೆಡುತ್ತವೆ. ಆಮೇಲೆ, ವಾರಕ್ಕೆ ಒಂದೆರಡು ಸಲ ಕ್ವೆರ್ಟಿ ಮುಟ್ಟುತ್ತಿದ್ದರೆ, ಎರಡೂ ಉಳಿಯುತ್ತವೆ. ನನಗೆ ಕ್ವೆರ್ಟಿಯಲ್ಲಿ ಸ್ವಲ್ಪ ಕೆಳಗೆ ನೋಡಬೇಕಾಗುತ್ತದೆ, ಅಷ್ಟೇ. ಫೋನಿನಲ್ಲಿ ಹೆಬ್ಬೆರಳಿನ ಅಭ್ಯಾಸ ಬೇರೆಯೇ, ಅದು ಹಾಳಾಗುವುದಿಲ್ಲ. ಆಫೀಸಿನ ಬೇರೆ ಕಂಪ್ಯೂಟರ್‌ನಲ್ಲಿ ಅವರ ಲೇಔಟ್ ಬದಲಿಸಲು ಹೋಗಬೇಡಿ, ನೀವು ಎದ್ದು ಹೋದ ಮೇಲೆ ಬಂದವರು ಕಂಗಾಲಾಗುತ್ತಾರೆ. ಒಂದು ಎಚ್ಚರಿಕೆ, ಲಾಗಿನ್ ಪರದೆಯಲ್ಲಿ ಲೇಔಟ್ ಕ್ವೆರ್ಟಿಯಲ್ಲೇ ಇರಬಹುದು. ಪಾಸ್‌ವರ್ಡ್ ಬೆರಳಿಗೆ ಮಾತ್ರ ಗೊತ್ತಿದ್ದು ತಲೆಗೆ ಗೊತ್ತಿಲ್ಲದಿದ್ದರೆ ಬೆಳಗ್ಗೆ ಬೆಳಗ್ಗೆ ಹೊರಗೇ ನಿಲ್ಲಬೇಕಾಗುತ್ತದೆ, ನಾನು ನಿಂತಿದ್ದೇನೆ.

ಸ್ಟಿಕ್ಕರ್ ಬೇಡ. ಕೀಗಳನ್ನು ಕಿತ್ತು ಜಾಗ ಬದಲಿಸುವುದೂ ಬೇಡ, ಕೆಲವು ಕೀಬೋರ್ಡುಗಳಲ್ಲಿ ಸಾಲಿಗೊಂದು ಎತ್ತರ ಇರುತ್ತದೆ, ಕಿತ್ತು ಹಾಕಿದರೆ ಏರುಪೇರು. ಮೇಲಿನ ಅಕ್ಷರಗಳು ತಪ್ಪಾಗಿದ್ದರೆ ಕೆಳಗೆ ನೋಡುವ ಚಟ ತಾನಾಗಿ ಬಿಡುತ್ತದೆ, ನೋಡಿ ಪ್ರಯೋಜನ ಇಲ್ಲವಲ್ಲ. ಎಫ್ ಮತ್ತು ಜೆ ಮೇಲಿನ ಆ ಸಣ್ಣ ಉಬ್ಬು ಇದ್ದಲ್ಲೇ ಇರಲಿ, ತೋರುಬೆರಳಿಗೆ ಅದೇ ಗುರುತು. ಲೇಔಟ್ ಚಿತ್ರವನ್ನು ಕಾಗದದಲ್ಲಿ ಪ್ರಿಂಟ್ ಹಾಕಿ ಪರದೆಯ ಕೆಳಗೆ ಅಂಟಿಸಿ. ಸದ್ಯಕ್ಕೆ ಅಲ್ಲಿ ಅಂಟಿಸಬೇಕಾದ್ದು ಕನ್ನಡದ ಲೇಔಟ್ ಚಿತ್ರ.